ಬಿಸಲಿನ ಹಾಳಿ ಮತ್ತ ನಮ್ಮಿಬ್ಬರ ಮೀಸಿ

ನಮ್ಮ ಶಲವಡಿ ಊರಾಗ ನನ್ನ ಮೀಸಿಯಂಥಾ ಮೀಸಿ ಇನ್ನೊಂದಿಲ್ಲ. ಎದುರ ಮನಿ ಗೆಳೆಯಾ ತನ್ನದೂ ಮೀಸೀನ ಅಂತಾನ. ಅದು ಮೀಸಿ ಅಲ್ರಿ, ಹಲ್ಲುಜ್ಜೂ ಬ್ರಷ್. ಅಂಥಾ ಮೀಸಿ ಹೋದ ಬ್ಯಾಸಗ್ಯಾಗ ನಾ ಪಣಕ್ಕ ಇಟ್ಟಿದ್ನಿ, ಒಂದು ಬಣ್ಣದ ಹಾಳಿ ಸಲುವಾಗಿ.

ಹಾಳಿ ತಂದಾಕಿ ನನ್ನ ಮಗಳ ಮಗಳು. ಧಾರವಾಡದಾಗ ಸೋಲಾರ್ ಸೆಲ್ ಮ್ಯಾಲೆ ಸಂಶೋಧನಾ ಮಾಡ್ತಾಳ. ರಜಾಕ್ಕ ಬಂದಾಗ ಅಂಗೈಯಷ್ಟು ಹಾಳಿ ಒಂದು ತಗದ್ಳು. ಬದನಿಕಾಯಿ ಬಣ್ಣ. ಕಣ್ಣಿಗೆ ಹಿಡದ್ರ ಆಕಡಿ ಬೇವಿನ ಗಿಡ ಕಾಣ್ತಿತ್ತು.

"ಮಾಳಗಿ ಮ್ಯಾಲಿನ ಸೋಲಾರಿನಂಗ ಇದು ಸಿಲಿಕಾನ್ ಅಲ್ಲಜ್ಜಾ. ಪ್ಲಾಸ್ಟಿಕ್ ಜಾತಿ ಬಣ್ಣಾನ ಶಾಯಿ ಮಾಡಿ ಬಳದದ್ದು. ಬಿಸಲಿಗೆ ಹಿಡದ್ರ ಕರೆಂಟ್ ಕೊಡ್ತೈತಿ."

ನಾ ತಡೀತೀನೇನು? ಅಗದಿ ಓಡಕೋತ ಹೋಗಿ ಗೆಳೆಯಾಗ ಹೇಳಿದ್ನಿ, ನನ್ನ ಮೊಮ್ಮಗಳ ಹಾಳಿ ಫ್ಯಾನ್ ತಿರಗಸ್ತೈತಿ ಅಂತ.

"ಸುಮ್ಮ ಹೋಗಲೇ! ಹಾರ್ನ್ ಹೊಡದ್ರ ಹೆಸರಕಾಯಿ ಲಗೂ ಬಲೀತಾವ ಅಂದಿದ್ದಿ. ನಿನ್ನ ಮಾತು ಕೇಳಿ ಹೊಲದಾಗ ಟ್ರ್ಯಾಕ್ಟರ್ ನಿಲ್ಲಿಸಿ ಮಧ್ಯಾನದ ತನಕ ಹಾರ್ನ್ ಹೊಡದೀನಿ. ಫ್ಯಾನ್ ತಿರಗದಿದ್ರ ನಿನ್ನ ಮೀಸಿ ಬೋಳಸ್ತೀನಿ."

"ತಿರಗಿದ್ರ ನಿನ್ನದು," ಅಂದ್ನಿ.

ಪಣದ ಸುದ್ದಿ ಕೇಳಿ ಮೊಮ್ಮಗಳು ಹಣಿ ಹಣಿ ಬಡಕೊಂಡ್ಳು. "ಅಜ್ಜಾ, ಹುಡುಗರ ಆಟಿಗಿ ಪಂಖಾ ತಿರಗಿದ್ರ ಸಾಕಾಗೈತಿ ನನಗ!" ಅಂಥಾದ್ದ ಒಂದು ಪಂಖಾಕ್ಕ ವೈರ್ ಜೋಡಿಸಿ ಬಿಸಲಿಗೆ ಹಿಡದ್ಳು. ಪಂಖಾ ಒಮ್ಮೆ ಮಿಸುಕಾಡಿ ನಿಂತಬಿಡ್ತು.

ನಾ ಮೀಸಿ ಮುಟ್ಟಿ ನೋಡ್ಕೊಂಡ್ನಿ. "ಇನ್ನೊಂದ್ಕೈ ದಪ್ಪಗ ಬಳೀಬೇಕಿತ್ತು ಬೇ! ಗ್ವಾಡಿಗೆ ಸುಣ್ಣಾ ಹಚ್ಚೂದು ನೋಡಿಲ್ಲೇನು?"

"ದಪ್ಪ ಬಳದ್ರ ಬೆಳಕು ಪೂರಾ ಹಿಡೀತೈತಿ, ಖರೆ. ಆದ್ರ ಒಳಗ ಹುಟ್ಟಿದ ಕರೆಂಟ್ ದಂಡಿ ಮುಟ್ಟೂದಿಲ್ಲ. ಮಳಿ ಆದ ಮ್ಯಾಲೆ ನಮ್ಮ ಎರಿ ಮಣ್ಣಿನ ಹೊಲ ದಾಟಿದಂಗಜ್ಜಾ. ಸಣ್ಣ ಪಟ್ಟಿ ಇದ್ರ ದಾಟ್ತಿ. ಅಗಲ ಇದ್ರ ನಡಬರಕ ಕಾಲು ಹುಗದು ಅಲ್ಲೇ ನಿಲ್ತಿ."

"ತೆಳ್ಳಗ ಬಳದ್ರ?"

"ಬೆಳಕು ಹಾದು ಹೋಗ್ತೈತಿ. ಅದಕ್ಕ ನಿನಗ ಬೇವಿನ ಗಿಡ ಕಂಡದ್ದು."

ಅಂದ್ರ ನನ್ನ ಮೀಸಿ ಉಳಸೂ ಬೆಳಕು ನನ್ನ ಕಣ್ಮುಂದನ ಓಡಿ ಹೊಂಟಿತ್ತು! "ಮತ್ತ ಅದನ್ನ ಹೊಳ್ಳಿ ಕರೀ," ಅಂದ್ನಿ.

ಆಕಿ ನಕ್ಕೋತ ಒಳಗ ಹೋಗಿ ಹಿಟ್ಟು ನಾದೂ ಸ್ಟೀಲಿನ ಪರಾತ ತಂದು ಹಾಳಿ ಹಿಂದ ಹಿಡದ್ಳು. ಹಾದು ಹೋದ ಬೆಳಕು ಪರಾತಕ್ಕ ಬಡದು ಹೊಳ್ಳಿ ಬಣ್ಣದಾಗ ಬರ್ತೈತಂತ. ಬಣ್ಣ ಅಷ್ಟಾ, ಬೆಳಕಿಗೆ ದಾರಿ ಎರಡಪಟ್ಟು.

"ಹಿಟ್ಟು ಎಲ್ಲಿ ನಾದ್ಲಿ? ನಿಮ್ಮ ಮೀಸಿ ಮ್ಯಾಲೇನು?" ಅಂತ ನನ್ನ ಹೆಂಡ್ತಿ ಒಳಗಿಂದ ಒದರಿದ್ಳು.

ಗೆಳೆಯಾ ಬಂದವನ "ಆಟಿಗಿದಾದ್ರೂ ನಡೀತೈತಿ, ತಿರಗಲಿ ನೋಡೂಣು," ಅಂತ ಮೊದಲ ನನ್ನ ಕಿಸೆ ತಡವಿದ. ರುಮಾಲು ಬಿಚ್ಚಿ ಝಾಡಿಸಿದ. ಬ್ಯಾಟ್ರಿ ಹುಡಕಾಕಹತ್ತಿದ್ದ ಮಳ್ಳ! ನನ್ನ ಹೆಸರು ಅಷ್ಟು ದೊಡ್ಡದೈತಿ ನೋಡ್ರಿ. ಕಡೀಕ ಹಾಳಿ, ಪರಾತ ಎರಡೂ ತಾನ ಹಿಡಕೊಂಡು ಬಿಸಲಿಗೆ ನಿಂತ. ಪಂಖಾ ನಡುಗಿತು, ತಡೀತು, ಆಮ್ಯಾಲೆ ತಿರಗಾಕಹತ್ತಿತು. ಹಾಳಿ ಮ್ಯಾಲೆ ಅಂಗೈ ಮುಚ್ಚಿದ, ನಿಂತಿತು. ತಗದ, ತಿರಗಿತು. ಮತ್ತ ಮುಚ್ಚಿದ.

"ಪರಾತ ಹಚ್ಚಿದ್ದು ಮೋಸ!" ಅಂತ ಚೀರಿದ.

"ಇಲ್ರಿ ಅಜ್ಜಾರ," ಅಂದ್ಳು ಮೊಮ್ಮಗಳು. "ನಾವು ಲ್ಯಾಬಿನ್ಯಾಗ ಸೆಲ್ಲಿನ ಬೆನ್ನಿಗೇ ಬೆಳ್ಳಿ ಲೇಪ ಕೊಡ್ತೀವ್ರಿ. ಅದೂ ಸೆಲ್ಲಿನ ಭಾಗಾನ. ಈ ಹಾಳಿಗೆ ಕೊಟ್ಟಿಲ್ಲ, ಅದಕ್ಕ ಪರಾತ."

ಮರುದಿನ ಮುಂಜಾನೆ ಮೀಸಿ ಬೋಳಿಸ್ಕೊಂಡು ಬಂದ. ಆ ಮಾರಿ ನೋಡಿ ನಾ ಹೊಟ್ಟಿ ಹಿಡಕೊಂಡು ನಕ್ನಿ. ಅಂವಾ ನನ್ನ ಕಡೆ ಹೊಳ್ಳಿ ಸುದ್ದಾ ನೋಡ್ಲಿಲ್ಲ. ಕಟ್ಟಿ ಮ್ಯಾಲೆ ಮೊಮ್ಮಗಳ ಬಾಜು ಕುಂತ.

"ತಂಗಿ, ನಾ ಮೀಸಿ ಕೊಟ್ಟೀನಿ, ಪೂರಾ ತಿಳಿಸಿ ಹೇಳಬೇಕು. ಹೊಳ್ಳಿ ಬಂದ ಬೆಳಕೂ ಎಲ್ಲಾ ಬಣ್ಣದಾಗ ಉಳೀತೈತೇನು? ಸ್ವಲ್ಪರ ಮತ್ತ ಹೊರಗ ಹಾರಿ ಹೋಗ್ತಿರಬೇಕಲ್ಲ? ಅದನ್ನ ಹ್ಯಾಂಗ ಹಿಡೀತೀರಿ?"

ಆಕಿ ಕಣ್ಣು ಅರಳಿದ್ವು. "ಅದನ್ನ ಹುಡಕಾಕಹತ್ತೀವ್ರಿ ಅಜ್ಜಾರ!"

ಇಬ್ಬರೂ ಹಾಳಿ ಮ್ಯಾಲೆ ಬಗ್ಗಿದ್ರು. ಇಂಥಾ ಪ್ರಶ್ನಿ ಈ ಬೋಳ ಮಾರ್ಯಾಂವಗ ಹ್ಯಾಂಗ ಹೊಳೀತು ಅಂತ ನಾ ಮೀಸಿ ತಿಕ್ಕೋತ ಕುಂತ್ನಿ.