ಅಣ್ಣನ ಕಾರು ಬೇಗ ಕೂಗುತ್ತಿದ್ದ ಕಾರಣ

ಅಣ್ಣ, ನಿನ್ನ ಕಾರು ಅಷ್ಟು ಬೇಗ ಕೂಗಿಕೊಳ್ಳುವಂತೆ ಮಾಡಿದವಳು ನಾನು. ಕಂಪನಿಯವರಲ್ಲ. ಅದನ್ನು ಬದಲಾಯಿಸಲು ಆಗುವುದಿಲ್ಲ ಎಂದು ನಿನಗೆ ಹೇಳಿದ್ದು ಸುಳ್ಳು — ಬೇಕೆಂದೇ ಹೇಳಿದ ಸುಳ್ಳು. ಇಷ್ಟು ವರ್ಷ ಅದನ್ನು ಬಾಯಿಬಿಡದೆ ಕಾಪಾಡಿಕೊಂಡು ಬಂದೆ.

ನೀನು ಗಾಡಿ ಓಡಿಸುವ ರೀತಿ ನಿನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತವರಿಗೆ ಗೊತ್ತಿತ್ತು. ಮುಂದಿನ ಗಾಡಿಯ ನಂಬರ್ ಪ್ಲೇಟಿಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗುತ್ತಿದ್ದೆ ನೀನು. ಅತ್ತಿಗೆ ಮೇಲಿನ ಹಿಡಿಗೆ ಜೋತುಬಿದ್ದು, ತಮ್ಮ ಕಡೆ ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತ ಕೂರುತ್ತಿದ್ದರು. ಕೊನೆಗೆ ಕಾರು ಹತ್ತುವುದನ್ನೇ ಬಿಟ್ಟರು. ಚಾಮರಾಜನಗರದ ಅವರ ತವರಿಗೆ ನೀವಿಬ್ಬರೂ ಒಂದೇ ಬೆಳಿಗ್ಗೆ ಹೊರಡುತ್ತಿದ್ದಿರಿ — ನೀನು ಕಾರಿನಲ್ಲಿ, ಅವರು ಬಸ್ಸಿನಲ್ಲಿ. ನೀನದನ್ನು ತಮಾಷೆ ಮಾಡಿಕೊಂಡು ಓಡಾಡಿದೆ. ಅತ್ತಿಗೆ ಮಾತ್ರ ಒಮ್ಮೆ ಹುರುಳಿಕಾಯಿ ಮುರಿಯುತ್ತ ನನಗೆ ಹೇಳಿದರು: "ಅವರ ಪಕ್ಕ ಕೂತು ಹೋಗೋಕೆ ನಂಗೂ ಆಸೆ ಕಣಮ್ಮ. ಜೀವ ಬಾಯಿಗೆ ಬಂದ್ಬುಡ್ತದೆ, ಏನು ಮಾಡ್ಲಿ?"

ಅದೇ ವಾರ ನಿನ್ನ ಹೊಸ ಕಾರು ಬಂತು. ಮುಂದಿನ ಗಾಡಿ ಹತ್ತಿರವಾದರೆ ಬೀಪ್ ಎಂದು ಎಚ್ಚರಿಸುವ, ಆಗಲೂ ಕೇಳದಿದ್ದರೆ ತಾನೇ ಬ್ರೇಕ್ ಹಾಕುವ ಕಾರು. ಎಚ್ಚರಿಕೆ ಬೇಗ ಬರಬೇಕೋ ತಡವಾಗಿ ಬರಬೇಕೋ ಎಂದು ಅದರ ಪರದೆಯಲ್ಲೇ ಆರಿಸಬಹುದಿತ್ತು. "ಫೋನು ಗೀನು ಎಲ್ಲಾ ನೀನೇ ಸೇರಿಸ್ಬುಡು ಗಿರಿಜಾ, ನಂಗೆ ಆ ತಲೆನೋವು ಬೇಡ" ಎಂದು ನೀನು ಕಾಫಿಗೆ ಒಳಗೆ ಹೋದೆ. ನಾನು ನಿನ್ನ ಫೋನನ್ನು ಕಾರಿಗೆ ಸೇರಿಸಿದೆ. ಆಮೇಲೆ — ನಿನ್ನನ್ನು ಕೇಳದೆ — ‘ಬೇಗ’ ಎಂಬುದನ್ನು ಒತ್ತಿಬಿಟ್ಟೆ.

ಮರುದಿನ ಕುವೆಂಪುನಗರದ ಮನೆಯಿಂದ ಬನ್ನಿಮಂಟಪದ ನಿನ್ನ ಅಂಗಡಿ ತಲುಪಿದವನೇ ನೀನು ಫೋನ್ ಮಾಡಿದೆ. "ಏನಮ್ಮ ಇದು, ದಾರಿಯುದ್ದಕ್ಕೂ ಬಡ್ಕೊಳ್ತದೆ?"

"ಕಂಪನಿಯವ್ರೇ ಹಂಗೆ ಮಾಡಿರೋದು ಕಣಣ್ಣ. ಬದಲಾಯಿಸೋಕಾಗಲ್ಲ."

ಬೈದುಕೊಂಡೆ ನೀನು. ಆ ಸದ್ದು ಕೇಳಬಾರದೆಂದೇ ಮುಂದಿನ ಗಾಡಿಯಿಂದ ದೂರ ಉಳಿಯತೊಡಗಿದೆ. ನಡುವೆ ಸ್ಕೂಟರು ನುಗ್ಗಿದರೆ "ಹೋಗ್ಲಿ ಬುಡು" ಎನ್ನುವುದನ್ನೂ ಕಲಿತೆ. ಅತ್ತಿಗೆ ಮೊದಲು ನಿನ್ನ ಕಾರಿನಲ್ಲಿ ತರಕಾರಿ ಅಂಗಡಿಯವರೆಗೆ ಬಂದರು, ಆಮೇಲೆ ರಾಮಕೃಷ್ಣನಗರದ ನಮ್ಮ ಮನೆಗೆ, ಕೊನೆಗೆ ತವರಿಗೇ ಹೊರಟರು. ಆವತ್ತು ನಾನೂ ಹಿಂದೆ ಕೂತಿದ್ದೆ. ನಂಜನಗೂಡು ದಾಟಿದ ಮೇಲೆ ಹಸುವೊಂದು ಅಡ್ಡ ಬಂದು, ನಮ್ಮ ಮುಂದಿದ್ದ ಲಾರಿ ಒಮ್ಮೆಲೇ ನಿಂತಿತು. ನೀನು ಬ್ರೇಕ್ ಒತ್ತಿದೆ. ಕಾರು ನಿಂತಾಗ ಲಾರಿಗೂ ನಮಗೂ ನಡುವೆ ಇನ್ನೊಂದು ಕಾರು ಹಿಡಿಸುವಷ್ಟು ಜಾಗವಿತ್ತು.

ಅತ್ತಿಗೆ ಕಣ್ಣುಜ್ಜಿಕೊಂಡು ಕೇಳಿದರು: "ಊರು ಬಂತಾ?"

ನಿದ್ದೆ ಮಾಡಿದ್ದರು, ಅಣ್ಣ — ನಿನ್ನ ಪಕ್ಕದಲ್ಲಿ. ನಾವು ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಹಿಂದಿನ ಗಾಡಿಗಳು ಹಾರ್ನ್ ಹೊಡೆದರೂ ನಿನಗೆ ನಗು ನಿಲ್ಲಲಿಲ್ಲ. ತವರು ಮನೆಯಲ್ಲಿ ಎಲ್ಲರೆದುರು ನೀನು "ಮೂವತ್ತು ವರ್ಷದ ಕೈ ಕಣ್ರೀ ಇದು" ಎಂದು ಹೇಳಿ ನನ್ನ ಕಡೆ ತಿರುಗಿದೆ: "ಅಲ್ವೇನಮ್ಮ?"

ಹೌದು ಎಂದೆ. ಬ್ರೇಕ್ ಒತ್ತಿದ್ದು ನೀನೇ, ಅಂತರ ಬಿಟ್ಟಿದ್ದೂ ನೀನೇ... ಆದರೂ ನನ್ನ ಬಾಯಲ್ಲಿ ಆ ‘ಹೌದು’ ಸುಳ್ಳೇ ಆಗಿತ್ತು.

ಆ ದಿನದ ಸಂತೋಷ ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ. ಆದರೆ ಸ್ಟೀರಿಂಗ್ ಹಿಡಿದವನಿಗೆ ತಿಳಿಸದೆ ಅವನ ಗಾಡಿಗೆ ಕೈ ಹಾಕಿದ್ದು ತಪ್ಪು. ಅತ್ತಿಗೆಯ ಭಯವನ್ನು ನಿನ್ನೆದುರು ಹೇಳಬೇಕಿತ್ತು. ನೀನು ಒಪ್ಪುವುದಿಲ್ಲವೆಂದು ನಾನೇ ತೀರ್ಮಾನಿಸಿಬಿಟ್ಟೆ. ಒಪ್ಪುತ್ತಿದ್ದೆಯೇನೋ — ಅದನ್ನು ತೋರಿಸುವ ಅವಕಾಶವನ್ನೇ ನಿನಗೆ ಕೊಡಲಿಲ್ಲ.

ಭಾನುವಾರ ಬರುತ್ತೇನೆ. ಪರದೆಯಲ್ಲಿ ಅದು ಎಲ್ಲಿದೆಯೆಂದು ತೋರಿಸುತ್ತೇನೆ. ಬೇಗವೋ ತಡವೋ, ನೀನೇ ಆರಿಸಿಕೋ. ಅತ್ತಿಗೆಯೂ ಪಕ್ಕದಲ್ಲಿರಲಿ, ಅವರಿಗೂ ಇದು ಗೊತ್ತಿಲ್ಲ. ಬೈಯುವುದಿದ್ದರೆ ಪೂರ್ತಿ ಬೈದುಬಿಡು. ಕೇಳಿಸಿಕೊಂಡೇ ಏಳುತ್ತೇನೆ.