ಫೋನು ತೋರಿಸಿದ ಬಸ್ ಸ್ಟಾಪ್

ನಮ್ಮೂರ ಸ್ಕೂಲ್ ಬಸ್ಸಿಗೆ ಒಂದು ನಿಯಮವಿದೆ. ಕಿಂಡರ್‌ಗಾರ್ಟನ್ ಮಕ್ಕಳನ್ನು ಸ್ಟಾಪಿನಲ್ಲಿ ಮನೆಯ ದೊಡ್ಡವರೊಬ್ಬರು ನಿಂತಿದ್ದರೆ ಮಾತ್ರ ಇಳಿಸುತ್ತಾರೆ. ಯಾರೂ ಕಾಣದಿದ್ದರೆ ಮಗು ಬಸ್ಸಿನಲ್ಲೇ ಕೂತು ಶಾಲೆಗೆ ವಾಪಸ್ಸು ಹೋಗುತ್ತದೆ. ಕಣ್ಣು ಚೆನ್ನಾಗಿರುವ ತಾಯಂದಿರಿಗೆ ಇದು ನೆಮ್ಮದಿಯ ನಿಯಮ. ನನಗೆ ಮಾತ್ರ ಆ ಚಳಿಗಾಲದಲ್ಲಿ ಅದು ಹೆದರಿಕೆಯ ನಿಯಮವಾಗಿತ್ತು.

ನನ್ನದು ರೆಟಿನಾದ ತೊಂದರೆ, ನಿಧಾನವಾಗಿ ಬಂದದ್ದು. ಮೊದಲು ಕತ್ತಲಲ್ಲಿ ಕಾಣದಾಯಿತು, ಆಮೇಲೆ ಅಕ್ಕಪಕ್ಕ. ಈಗ ನಡುವೆ ಒಂದು ಸಣ್ಣ ಕಿಂಡಿ ಉಳಿದಿದೆ. ಒಗ್ಗರಣೆಯ ಸೌಟಿನಲ್ಲಿ ಸಾಸಿವೆ ಸಿಡಿಯುವುದು ಕಾಣುತ್ತದೆ; ಪಕ್ಕದಲ್ಲೇ ಇಟ್ಟ ಮುಚ್ಚಳ ಕಾಣುವುದಿಲ್ಲ. ಹಿಮದ ಮೇಲೆ ಬಿಸಿಲು ಬಿದ್ದ ದಿನ ಆ ಕಿಂಡಿಯೂ ಬೆಳ್ಳಗೆ ಮುಚ್ಚಿಹೋಗುತ್ತದೆ.

ಆ ಚಳಿಗಾಲದವರೆಗೆ ಮಗಳನ್ನು ಬಸ್ಸಿನಿಂದ ಇಳಿಸಿಕೊಳ್ಳುವುದು ನಮ್ಮ ಯಜಮಾನರ ಕೆಲಸವಾಗಿತ್ತು. ಅವರು ಮನೆಯಿಂದಲೇ ಆಫೀಸು ಮಾಡುತ್ತಿದ್ದರು. ಜನವರಿಯಲ್ಲಿ ಎಲ್ಲರೂ ಆಫೀಸಿಗೆ ಬರಲೇಬೇಕು ಎಂದು ಕಂಪನಿಯಿಂದ ಹುಕುಂ ಬಂತು. ಅವರ ಆಫೀಸು ಪ್ರಿನ್ಸ್‌ಟನ್ನಿನ ಕಡೆ. ನಾವಿರುವ ಪಾರ್ಸಿಪನಿಯಿಂದ ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ.

"ನಾನು ಕರ್ಕೊಂಡ್ಬರ್ತೀನಿ ರೀ," ಅಂದೆ.

ಅವರು ತಕ್ಷಣ ಬೇಡ ಅನ್ನಲಿಲ್ಲ. ಚಪಾತಿ ಹರಿಯುವುದನ್ನು ನಿಲ್ಲಿಸಿ, "ಫೋನು ನಂಬ್ಕೊಂಡಾ?" ಎಂದರು, ಅಷ್ಟೇ.

ಕೆಳಗಿನ ಮನೆಯ ಆಂಟಿ ಹುಬ್ಬಳ್ಳಿಯ ಕಡೆಯವರು. ತಮ್ಮ ಮೊಮ್ಮಗನಿಗಾಗಿ ದಿನವೂ ಅದೇ ಸ್ಟಾಪಿನಲ್ಲಿ ನಿಲ್ಲುತ್ತಾರೆ. ವಿಷಯ ಕೇಳಿ ಅವರು ನನ್ನನ್ನು ತರಾಟೆಗೆ ತೆಗೆದುಕೊಂಡರು.

"ಏನವಾ ತಂಗಿ, ನಾ ಹೆಂಗೂ ಅಲ್ಲೇ ನಿಂತಿರ್ತೀನಿ. ನಿನ್ನ ಕೂಸನ್ನೂ ಕರಕೊಂಡ ಬರ್ತೀನಿ. ಆ ಡಬ್ಬಿ ಹೇಳಿದ್ದ ಕೇಳ್ತಿ, ನಾ ಹೇಳಿದ್ದ ಕೇಳಂಗಿಲ್ಲೇನು?"

"ಡಬ್ಬಿ ಅಲ್ಲ ಆಂಟಿ, ದಾರಿ ಹೇಳೋ ಆ್ಯಪು."

"ದಾರಿ ಹೇಳ್ತೈತಿ. ಚಹಾ ಮಾಡ್ತೈತೇನು? ಬಾ ಒಳಗ."

ಆಂಟಿಯ ಚಹಾ ಕುಡಿದೆ, ಆದರೆ ಅವರ ಮಾತಿಗೆ ಒಪ್ಪಲಿಲ್ಲ. ಬಸ್ಸಿನಿಂದ ಇಳಿಯುವ ಮಗು ಮೊದಲು ತಾಯಿಯ ಮುಖ ನೋಡಬೇಕು ಎಂಬ ಆಸೆ ನನಗಿತ್ತು. ಆ ಮುಖ ಅವಳನ್ನು ನೋಡಲಾರದಿದ್ದರೂ ಸರಿ.

ಕುರುಡರಿಗೆಂದೇ ಮಾಡಿದ ಆ ಆ್ಯಪನ್ನು ನನಗೆ ಪರಿಚಯಿಸಿದವರು ಬಿಳಿಕೋಲು ಹಿಡಿಯಲು ಕಲಿಸಿದ ಟೀಚರು. ಹೋಗಬೇಕಾದ ಜಾಗಕ್ಕೆ ಒಂದು ಗುರುತು ಹಾಕಿಟ್ಟರೆ, ಆ ದಿಕ್ಕಿನಿಂದ ಕಿವಿಯೊಳಗೆ ಟಕ್ ಟಕ್ ಎಂದು ಬಡಿಯುತ್ತಿರುತ್ತದೆ. ಸರಿಯಾಗಿ ಅದರತ್ತ ಮುಖ ಮಾಡಿದರೆ ಸದ್ದಿನ ಜೊತೆ ಪುಟ್ಟ ಗಂಟೆಯೂ ಸೇರುತ್ತದೆ. ಮುಖ ತಿರುಗಿದರೆ ಗಂಟೆ ಹೋಗಿ ಸದ್ದು ಮಂಕಾಗುತ್ತದೆ. ಇಯರ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಳ್ಳಬೇಕು, ಇನ್ನೊಂದನ್ನು ರಸ್ತೆಗೆ ಬಿಡಬೇಕು ಎಂದು ಟೀಚರು ಎಷ್ಟೋ ಸಲ ಹೇಳಿದ್ದರು. ಫೋನಿಗೆ ಜಾಗ ಗೊತ್ತು, ಕಾರು ಗೊತ್ತಿಲ್ಲ ಎಂದೂ ಹೇಳಿದ್ದರು.

ಗುರುತು ಹಾಕಿದವರು ಯಜಮಾನರು. ಒಂದು ಮಧ್ಯಾಹ್ನ ಮಗಳನ್ನು ಕರೆತರಲು ಹೋದಾಗ ನನ್ನ ಫೋನನ್ನೂ ಒಯ್ದಿದ್ದರು. ವಾಪಸ್ಸು ಬಂದು, "ನೋಡು, ಪಿನ್ ಹಾಕಿದೀನಿ. ಇನ್ನು ನೀನು, ನಿನ್ನ ಟಕ್ ಟಕ್," ಎಂದರು. ಶನಿವಾರ ಇಬ್ಬರೂ ಹೋಗಿ ನೋಡಿದೆವು. ನಾನು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಅವರ ಮೊಣಕೈ ಹಿಡಿದಿದ್ದೆ. ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನ ಒಳದಾರಿ ಮುಗಿದು ದೊಡ್ಡ ರಸ್ತೆ ಸಿಗುವಲ್ಲಿ ಒಂದು ಕಬ್ಬಿಣದ ಪೋಸ್ಟ್ ಡಬ್ಬ ಇದೆ. ಬಸ್ಸು ಅದರ ಪಕ್ಕದಲ್ಲೇ ನಿಲ್ಲುತ್ತದೆ. ಅವರು ಅಲ್ಲಿ ನಿಂತರು, ನಾನೂ ನಿಂತೆ. ಕಿವಿಯಲ್ಲಿ ಟಕ್ ಟಕ್ ಇನ್ನೂ ನಡೆದೇ ಇತ್ತು.

"ಇನ್ನೂ ಬಡೀತಿದೆಯಲ್ರೀ?"

"ಬಂದಾಯ್ತಲ್ಲ, ಆಫ್ ಮಾಡು. ಸ್ವಲ್ಪ ಹಿಂದೆಮುಂದೆ ಇರತ್ತೆ ಅದು. ಚಳಿ, ನಡಿ."

ಆಫ್ ಮಾಡಿದೆ. ಅಂದು ನಾವಿಬ್ಬರೂ ಫೋನನ್ನು ಪರೀಕ್ಷೆ ಮಾಡಲೇ ಇಲ್ಲ. ನನ್ನನ್ನು ಕರೆದುಕೊಂಡು ಹೋದದ್ದು ಅವರ ಮೊಣಕೈ.

ಭಾನುವಾರ ರಾತ್ರಿಯೆಲ್ಲ ಹಿಮ ಬಿತ್ತು. ಸೋಮವಾರ ಬೆಳಿಗ್ಗೆ ಹಿಮ ತಳ್ಳುವ ಪ್ಲೌ ಗಾಡಿ ಬಂದು ರಸ್ತೆ ಕೆರೆದುಹೋಯಿತು, ಶಾಲೆ ಒಂದೆರಡು ಗಂಟೆ ತಡವಾಗಿ ಶುರುವಾಯಿತು. ಹೊತ್ತೇರುತ್ತಿದ್ದಂತೆ ಕಡು ಬಿಸಿಲು. ಹೊರಡುವ ಹೊತ್ತಿಗೆ ಆಂಟಿ ಫೋನ್ ಮಾಡಿದರು. ಮೊಮ್ಮಗನಿಗೆ ಜ್ವರ, ಶಾಲೆಗೇ ಕಳಿಸಿಲ್ಲವಂತೆ.

"ಇವತ್ತ ಸ್ಟಾಪಿನ್ಯಾಗ ಯಾರೂ ಇರಂಗಿಲ್ಲ ನೋಡು. ಇವನ್ನ ಹೊದಿಸಿ ನಾ ಓಡಿ ಬರ್ಲೇನು?"

"ಬೇಡ ಆಂಟಿ. ಮಗೂನ ಬಿಟ್ಟು ಬರಬೇಡಿ. ನಾನು ಹೋಗ್ತೀನಿ."

ಜಾಕೆಟ್ಟಿನ ಜಿಪ್ ಹಲ್ಲಿಗೆ ಹಲ್ಲು ಕೂಡಲಿಲ್ಲ. ಕೊನೆಗೆ ಹಾಗೇ ಬಿಟ್ಟು, ದುಪಟ್ಟಾ ಕತ್ತಿಗೆ ಸುತ್ತಿಕೊಂಡು ಹೊರಟೆ.

ಬಾಗಿಲಾಚೆ ಎಲ್ಲವೂ ಬಿಳಿ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಕನ್ನಡಕಕ್ಕೆ ಹಬೆ ಅಡರುತ್ತದಲ್ಲ, ಹಾಗೆ; ಇದು ಮಾತ್ರ ಒರೆಸಿದರೆ ಹೋಗುವುದಲ್ಲ. ಒಳದಾರಿಯಲ್ಲಿ ಹಿಮ ಕರಗಲೆಂದು ಉಪ್ಪು ಚೆಲ್ಲಿದ್ದರು, ಬೂಟಿನಡಿ ಹರಳು ಪುಡಿಯಾಗುತ್ತಿತ್ತು. ಆ ಸದ್ದು ಇರುವವರೆಗೆ ದಾರಿಯ ಮೇಲಿದ್ದೇನೆ ಎಂದು ಧೈರ್ಯ. ಕಿವಿಯಲ್ಲಿ ಗಂಟೆ ಸೇರಿದ ಟಕ್ ಟಕ್ ನೇರ ಎದುರಿನಿಂದ ಬರುತ್ತಿತ್ತು. ದೊಡ್ಡ ರಸ್ತೆ ಹತ್ತಿರವಾದಂತೆ ಒದ್ದೆ ಟೈರುಗಳ ಸುಂಯ್ ಸದ್ದು ಜೋರಾಯಿತು.

ಕೋಲು ಕಬ್ಬಿಣಕ್ಕೆ ತಾಗಿ ಟಣ್ ಎಂದಿತು. ಪೋಸ್ಟ್ ಡಬ್ಬ. ಕೈಗವಸಿನಿಂದ ಸವರಿಯೂ ನೋಡಿದೆ. ಆದರೆ ಫೋನು ಇನ್ನೂ ಮುಂದೆ, ಇನ್ನೂ ಮುಂದೆ ಎನ್ನುತ್ತಿತ್ತು. ಶನಿವಾರ ನಿಂತದ್ದು ಇಲ್ಲೇ ಅಲ್ಲವೇ? ಹಿಮದಿಂದಾಗಿ ಬಸ್ಸು ಇವತ್ತು ಸ್ವಲ್ಪ ಮುಂದೆ ನಿಲ್ಲುತ್ತದೇನೋ ಎಂದು ಒಂದು ಮನಸ್ಸು. ಆ ಗುರುತು ಯಜಮಾನರು ಕೈಯಾರೆ ಹಾಕಿದ್ದು, ತಪ್ಪಿರಲಾರದು ಎಂದು ಇನ್ನೊಂದು. ಗಂಟೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಮಗಳೇ ಅಲ್ಲಿ ನಿಂತು ಕರೆಯುತ್ತಿರುವಂತಿತ್ತು. ಡಬ್ಬದ ಮೇಲಿನ ಕೈ ತೆಗೆದೆ.

ಮುಂದೆ ಪ್ಲೌ ತಳ್ಳಿದ ಹಿಮದ ಗೋಡೆ, ನನ್ನ ಸೊಂಟದೆತ್ತರ. ಕೋಲಿನಿಂದ ತಡವುತ್ತಾ ಹೋದಾಗ ಒಂದು ಕಡೆ ಸಂದು ಸಿಕ್ಕಿತು. ಯಾರೋ ಸಲಿಕೆಯಲ್ಲಿ ಕಡಿದು ದಾರಿ ಮಾಡಿದ್ದರು. ಫುಟ್‌ಪಾತ್ ಹೀಗೇ ಮುಂದುವರಿಯುತ್ತದೆ ಎಂದುಕೊಂಡು ಅದರೊಳಗೆ ಹೋದೆ. ಗೋಡೆ ಮುಗಿಯಿತು. ಉಪ್ಪಿನ ಹರಳಿನ ಸದ್ದೂ ನಿಂತು, ಕಾಲಡಿ ನುಣ್ಣಗಿನ ಒದ್ದೆ ಡಾಂಬರು ಸಿಕ್ಕಿತು. ಇನ್ನೂ ಎರಡು ಹೆಜ್ಜೆ ಇಟ್ಟಿದ್ದೆನೇನೋ.

ಹಾರ್ನ್. ಮುಖದ ಮೇಲೆ ಗಾಳಿ ಬಡಿದು, ಕೆಸರುಹಿಮ ಮೊಣಕಾಲವರೆಗೆ ಚಿಮ್ಮಿತು. ದೊಡ್ಡ ಗಾಡಿಯೊಂದು ನನ್ನ ಮೂಗಿನ ಮುಂದೆಯೇ ಹಾದುಹೋಗಿತ್ತು. ಅದರ ಬಿಸಿ ಡೀಸೆಲ್ ವಾಸನೆ ಈಗ ಬರೆಯುವಾಗಲೂ ಗಂಟಲಲ್ಲಿ ನಿಲ್ಲುತ್ತದೆ. ನಾನು ರಸ್ತೆಯಲ್ಲಿದ್ದೆ.

ಹಾರ್ನಿಗೆ ಬೆದರಿ ತಿರುಗಿಬಿಟ್ಟಿದ್ದೆ. ಎಷ್ಟು ತಿರುಗಿದೆ ಎಂದು ಗೊತ್ತಿಲ್ಲ. ಹಿಂದೆ ಅನ್ನುವುದು ಈಗ ಯಾವ ಕಡೆ? ಬೆನ್ನ ಹಿಂದೆ ಒಂದು ಕಾರು ಸುಂಯ್ ಎಂದಿತು, ಎದುರಿಗೆ ಇನ್ನೊಂದು. ಕೋಲು ಚಾಚಲೂ ಹೆದರಿಕೆ. ಅದನ್ನು ಯಾವುದಾದರೂ ಚಕ್ರ ಎಳೆದುಕೊಂಡು ಹೋದರೆ? ಕೂಗಬೇಕೆನ್ನಿಸಿತು. ಮೈಸೂರಿನ ಕಾನ್ವೆಂಟಿನಲ್ಲಿ ಹೆಣ್ಣುಮಕ್ಕಳು ದನಿ ಎತ್ತಬಾರದು ಎಂದು ಸಿಸ್ಟರುಗಳು ತಿದ್ದಿ ತೀಡಿದ ಗಂಟಲು ನನ್ನದು. ಬಾಯಿಂದ ಬಂದದ್ದು "ಎಕ್ಸ್‌ಕ್ಯೂಸ್ ಮಿ." ಅದೂ ಮೆಲ್ಲಗೆ. ಹರಿಯುವ ಟ್ರಾಫಿಕ್ಕಿನ ನಡುವೆ ನಿಂತು ಮತ್ತೊಮ್ಮೆ ಅದನ್ನೇ ಹೇಳಿದೆ.

ಆಮೇಲೆ ಇದ್ದಕ್ಕಿದ್ದಂತೆ ರಸ್ತೆ ಸ್ತಬ್ಧವಾಯಿತು.

ಆ ನಿಶ್ಶಬ್ದ ಹಾರ್ನಿಗಿಂತ ಭಯಂಕರವಾಗಿತ್ತು. ಏನೋ ಆಗಿಹೋಗಿದೆ, ನನಗೆ ಮಾತ್ರ ಇನ್ನೂ ಗೊತ್ತಾಗಿಲ್ಲ ಎನ್ನಿಸಿತು. ಕ್ಷಣದ ನಂತರ ಗಾಳಿಬ್ರೇಕಿನ ಉಸಿರು, ಬಾಗಿಲು ಮಡಚಿಕೊಳ್ಳುವ ಸದ್ದು ಕೇಳಿದವು. ಸ್ಕೂಲ್ ಬಸ್ಸು. ಅದು ಕೆಂಪು ದೀಪ ಹಾಕಿ ನಿಂತರೆ ಎರಡೂ ಕಡೆಯ ಗಾಡಿಗಳು ನಿಲ್ಲಬೇಕು ಎಂಬುದು ಇಲ್ಲಿಯ ಕಾನೂನು.

"ಅಮ್ಮಾ! ವೈ ಆರ್ ಯೂ ಇನ್ ದ ರೋಡ್?"

ಮಗಳ ದನಿ. ಅವಳು ಇಳಿದು ನನ್ನ ಕಡೆ ಓಡಿಬಂದರೆ ಎಂಬ ಯೋಚನೆ ಬಂದದ್ದೇ ತಡ, ಗಂಟಲು ಬಿಟ್ಟುಕೊಂಡಿತು.

"ಇಳೀಬೇಡ! ಪುಟ್ಟೀ, ಅಲ್ಲೇ ಇರು! ಇಳೀಬೇಡ!"

"ಅವಳನ್ನು ನಾನು ಹಿಡಿದುಕೊಂಡಿದ್ದೇನೆ ಮ್ಯಾಮ್," ಎಂದು ಡ್ರೈವರ್ ಇಂಗ್ಲಿಷಿನಲ್ಲಿ ಕೂಗಿದಳು. ದಪ್ಪ ದನಿಯ ಹೆಂಗಸು. "ಯಾರೂ ಕದಲುವುದಿಲ್ಲ. ನನ್ನ ದನಿಯ ಕಡೆ ನಡೆದು ಬಾ. ನಾನು ಮಾತಾಡುತ್ತಲೇ ಇರುತ್ತೇನೆ."

ಆಕೆ ಮಾತಾಡುತ್ತಲೇ ಇದ್ದಳು. ಬಾ, ಹಾಗೇ ಬಾ, ಸ್ವಲ್ಪ ಎಡಕ್ಕೆ. ನಾನು ಒಂದು ಹೆಜ್ಜೆ ಇಟ್ಟೆ. ಕಿವಿಯಲ್ಲಿ ಗಂಟೆ ನಿಂತುಹೋಯಿತು. ಇನ್ನೊಂದು ಹೆಜ್ಜೆ ಇಟ್ಟರೆ ಟಕ್ ಟಕ್ ಮಂಕಾಗಿ ಬೆನ್ನ ಹಿಂದಕ್ಕೆ ಸರಿಯಿತು. ಮಗಳ ಕಡೆ ಇಟ್ಟ ಒಂದೊಂದು ಹೆಜ್ಜೆಯೂ ತಪ್ಪು ಎಂದು ಫೋನು ಹೇಳುತ್ತಿತ್ತು. ಇಯರ್‌ಫೋನ್ ಕಿತ್ತು ಹಾಕಲು ಕೈ ಎತ್ತುವ ಧೈರ್ಯವೂ ಇರಲಿಲ್ಲ, ಕೋಲು ಎರಡೂ ಕೈಯಲ್ಲಿತ್ತು. ಕೊನೆಗೆ ಕೋಲು ಬಸ್ಸಿನ ಮೆಟ್ಟಿಲಿಗೆ ತಾಗಿತು.

ಡ್ರೈವರ್ ಕೂಡಲೇ ಮಗುವನ್ನು ಬಿಡಲಿಲ್ಲ.

"ನಿನ್ನ ಜೊತೆ ಇನ್ಯಾರಾದರೂ ಇದ್ದಾರಾ?"

"ಇಲ್ಲ. ನಾನು ಇವಳ ತಾಯಿ."

"ತಾಯಿ ಎಂದು ಗೊತ್ತಾಯಿತು. ಇವಳನ್ನು ಮನೆ ತಲುಪಿಸಬಲ್ಲೆಯಾ? ನಿಜ ಹೇಳು."

ಅಷ್ಟು ನೇರವಾಗಿ ನನ್ನನ್ನು ಯಾರೂ ಕೇಳಿರಲಿಲ್ಲ. ಇಲ್ಲ ಎಂದರೆ ಬಸ್ಸು ಅವಳನ್ನು ಹೊತ್ತು ವಾಪಸ್ಸು ಹೋಗುತ್ತದೆ. ಹೌದು ಎನ್ನಲು ಧೈರ್ಯವಿರಲಿಲ್ಲ.

"ಪೋಸ್ಟ್ ಡಬ್ಬದ ಹತ್ತಿರ ಬಿಡಿ," ಎಂದೆ. "ಅಲ್ಲಿಂದ ದಾರಿ ಗೊತ್ತು."

ಆಕೆ ಕೆಳಗಿಳಿದು ನಮ್ಮಿಬ್ಬರನ್ನೂ ಡಬ್ಬದವರೆಗೆ ನಡೆಸಿ, ನನ್ನ ಅಂಗೈಯನ್ನು ಅದರ ಮೇಲೆ ಇಟ್ಟು, ಮತ್ತೆ ಹತ್ತಿದಳು. ಅಷ್ಟು ಹೊತ್ತೂ ಗಾಡಿಗಳು ನಿಂತೇ ಇದ್ದವು, ಒಂದೂ ಹಾರ್ನ್ ಹೊಡೆಯಲಿಲ್ಲ.

ಸಂಜೆ ಯಜಮಾನರಿಗೆ ಹೇಳಿದಾಗ ಅವರು ಫೋನು ಕಸಿದುಕೊಂಡು ಮ್ಯಾಪ್ ತೆರೆದರು.

"ಎಲ್ಲಿದೆ ರೀ ಆ ಪಿನ್ನು?"

"ಎದುರುಗಡೆ. ಡೆಂಟಿಸ್ಟ್ ಪಾರ್ಕಿಂಗ್ ಲಾಟಲ್ಲಿ."

ಚಳಿಯಲ್ಲಿ ಸ್ಟಾಪಿಗೂ ಕಾರಿನಲ್ಲೇ ಹೋಗುವುದು ಇಲ್ಲಿ ಎಲ್ಲರ ರೂಢಿ. ಡಬ್ಬದ ಬಳಿ ಕಾರು ನಿಲ್ಲಿಸುವಂತಿಲ್ಲ. ಆದ್ದರಿಂದ ಅವರು ರಸ್ತೆಯಾಚೆಯ ಲಾಟಿನಲ್ಲಿ ಹೀಟರ್ ಹಾಕಿಕೊಂಡು ಕಾಯುತ್ತಿದ್ದರು, ಬಸ್ಸು ಕಂಡರೆ ಓಡಿ ದಾಟುತ್ತಿದ್ದರು. ಹಾಗೆ ಕಾಯುತ್ತಾ ಡ್ರೈವರ್ ಸೀಟಿನಲ್ಲಿ ಕೂತೇ ಗುರುತು ಹಾಕಿದ್ದರು. ಅವರಿಗೆ ಬಸ್ ಸ್ಟಾಪ್ ಅಂದರೆ ಆ ಜಾಗವೇ.

"ನಾಳೆಯಿಂದ ನೀನು ಹೋಗೋದು ಬೇಡ. ನಾನು ಏನಾದ್ರೂ ಮಾಡ್ತೀನಿ. ಆಂಟಿಗೆ ಹೇಳ್ತೀನಿ," ಎಂದರು.

ಆಗಲಿ ಎಂದುಬಿಡಲು ಒಳಗೆಲ್ಲೋ ಆಸೆಯಿತ್ತು, ಅಷ್ಟು ಹೆದರಿದ್ದೆ. ಆದರೆ ನಾಳೆ ಹೋಗದಿದ್ದರೆ ಇನ್ನೆಂದೂ ಹೋಗಲಾರೆ ಎಂಬುದು ಅದಕ್ಕಿಂತ ದೊಡ್ಡ ಹೆದರಿಕೆಯಾಗಿತ್ತು.

"ಅದನ್ನ ಅಳಿಸಿಬಿಡಿ. ನಾನೇ ಹಾಕ್ಕೋತೀನಿ," ಎಂದೆ.

ಮರುದಿನ ಆಂಟಿ ನನ್ನ ಜೊತೆ ಬಂದರು. ತಮ್ಮ ಮಗ ಮನೆಯಲ್ಲಿದ್ದಾನೆ, ಮೊಮ್ಮಗನನ್ನು ಅವನೇ ನೋಡಿಕೊಳ್ಳುತ್ತಾನೆ ಎಂದರು. ಡಬ್ಬಕ್ಕೆ ಮೈ ಆನಿಸಿ ನಿಂತು ಹೊಸ ಗುರುತು ಹಾಕಿದೆ. ಸರಿಯಾಗಿದೆಯೋ ಎಂದು ನೋಡಲು ಹಿಂದೆ ಹೋಗಿ ಮತ್ತೆ ನಡೆದು ಬಂದೆ, ಮತ್ತೆ ಹೋದೆ. ಆಂಟಿ ಒಂದು ಮಾತೂ ತಮಾಷೆ ಮಾಡದೆ, ನಾನು ಕೇಳಿಕೊಂಡಂತೆ ನನ್ನ ಕೈ ಹಿಡಿಯದೆ ಹಿಂದೆಹಿಂದೆಯೇ ಬಂದರು. ಅವರ ಬಳೆ ಸದ್ದು ಮಾತ್ರ ಕೇಳುತ್ತಿತ್ತು. ರಸ್ತೆಯಲ್ಲಿ ಪ್ರತಿ ಗಾಡಿ ಹೋದಾಗಲೂ ನಾನು ಇದ್ದಲ್ಲೇ ನಿಂತುಬಿಡುತ್ತಿದ್ದೆ.

ಬಸ್ಸು ಬಂತು. ರಸ್ತೆ ಸ್ತಬ್ಧವಾಯಿತು. "ಹಾಯ್ ಮ್ಯಾಮ್, ಇವತ್ತು ಸರಿಯಾದ ಜಾಗದಲ್ಲಿದ್ದೀಯ," ಎಂದು ಮೇಲಿನಿಂದ ಆ ದಪ್ಪ ದನಿ ಹೇಳಿತು. ಪುಟ್ಟ ಬೂಟುಗಳು ಮೆಟ್ಟಿಲಿಳಿದವು. ಕೈಗವಸಿನ ಕೈಯೊಂದು ನನ್ನ ಕೈಯೊಳಗೆ ಬಂತು. ಬಾಗಿಲು ಮುಚ್ಚಿ ಬಸ್ಸು ಹೊರಟಿತು, ನಿಂತಿದ್ದ ಕಾರುಗಳೆಲ್ಲ ಒಮ್ಮೆಲೇ ಹರಿದವು.

ಅರ್ಧ ದಾರಿ ಬಂದ ಮೇಲೆ ಮಗಳು ಮೆಲ್ಲಗೆ ಹೇಳಿದಳು. "ಅಮ್ಮಾ, ಯೂ ಆರ್ ಹರ್ಟಿಂಗ್ ಮೈ ಹ್ಯಾಂಡ್."

ಹಿಡಿತ ಸ್ವಲ್ಪ ಸಡಿಲಿಸಿದೆ. ಸ್ವಲ್ಪವೇ.