ತೊಗರಿಬೇಳೆಯ ಬಂದೂಕು

ಸಿಂಗಪುರದಲ್ಲಿದ್ದಷ್ಟು ವರ್ಷಗಳಲ್ಲಿ ನಾನು ಮನೆಯಲ್ಲಿ ಮುಚ್ಚಿಟ್ಟ ಕಳ್ಳಮಾಲು ಒಂದೇ ಒಂದು: ಬಂದೂಕುಗಳ ಕ್ಯಾಟಲಾಗು. ಅಕ್ಕಿ ಡಬ್ಬದ ತಳದಲ್ಲಿ ಪ್ಲಾಸ್ಟಿಕ್ ಚೀಲ ಸುತ್ತಿ ಹೂತಿಟ್ಟಿದ್ದೆ. "ಬರೀ ಚಿತ್ರದ ಪುಸ್ತಕ ಕಣೇ, ಇದಕ್ಕೆಲ್ಲ ಯಾರೂ ಅರೆಸ್ಟ್ ಮಾಡಲ್ಲ" ಎಂದು ನಮ್ಮ ಯಜಮಾನರು ಎಷ್ಟು ಹೇಳಿದರೂ ನನಗೆ ಧೈರ್ಯವಿಲ್ಲ. ಚೂಯಿಂಗ್ ಗಮ್ಮನ್ನೇ ಊರೊಳಗೆ ಬಿಟ್ಟುಕೊಳ್ಳದ ಸರ್ಕಾರ ಅದು. ಬಂದೂಕಿನ ಚಿತ್ರ ಇಟ್ಟುಕೊಂಡವರನ್ನು ಸುಮ್ಮನೆ ಬಿಟ್ಟೀತೇ?

ತೊಂಬತ್ತರ ದಶಕದ ನಡುವಿನ ಮಾತು. ನಾವು ಬೂನ್ ಲೇಯಲ್ಲಿ ಒಂಬತ್ತನೇ ಮಹಡಿಯ ಫ್ಲ್ಯಾಟಿನಲ್ಲಿದ್ದೆವು. ಇವರು ಹತ್ತಿರದ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಇವರ ಬಾಸ್ ನ್ಯೂಜಿಲೆಂಡಿನವನು, ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರದ ಆಸಾಮಿ. ಪ್ರತಿ ಡಿಸೆಂಬರಿನಲ್ಲೂ ಊರಿಗೆ ಹೋಗಿ ತಮ್ಮನ ಜೊತೆ ಬೆಟ್ಟ ಹತ್ತಿ ಜಿಂಕೆ ಬೇಟೆಯಾಡುವುದು ಅವನ ಅಭ್ಯಾಸ. ಒಂದು ದಿನ ಕ್ಯಾಂಟೀನಿನಲ್ಲಿ ಅವನು ಅದನ್ನೆಲ್ಲ ವರ್ಣಿಸುವಾಗ ಇವರು ಸುಮ್ಮನೆ ಮೊಸರನ್ನ ತಿನ್ನಬಾರದಿತ್ತೇ? "ನಮ್ಮ ತಾತ ಮೈಸೂರಿನ ದೊಡ್ಡ ಬೇಟೆಗಾರ. ಬೇಟೆ ನಮ್ಮ ರಕ್ತದಲ್ಲೇ ಇದೆ" ಎಂದು ಕೊಚ್ಚಿಕೊಂಡು ಬಂದರು. ಬಾಸ್ ಮೇಜು ಕುಟ್ಟಿ, ಹಾಗಾದರೆ ಈ ಸಲ ನೀನೂ ಬಾ ಎಂದುಬಿಟ್ಟ.

ಇವರು ಸುಳ್ಳು ಹೇಳಿದ್ದಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಮೈಸೂರಿನ ಮನೆಯ ಹಾಲಿನಲ್ಲಿ ತಾತನ ಫೋಟೋ ನಾನೂ ನೋಡಿದ್ದೇನೆ. ಪೇಟ, ಕರಿ ಕೋಟು, ಕಚ್ಚೆಪಂಚೆ, ಹೆಗಲ ಮೇಲೆ ಬಂದೂಕು, ಕಾಲ ಬಳಿ ಬಿದ್ದ ಜಿಂಕೆ. ಇವರು ಚಿಕ್ಕವರಿದ್ದಾಗಿನಿಂದ ಆ ಫೋಟೋದ ಕೆಳಗೆ ಕೂತೇ ಊಟ ಮಾಡಿದವರು, ಮಗ್ಗಿ ಕಲಿತವರು. ಆದರೆ ರಕ್ತದ ವಿಷಯ ನನಗೆ ಗೊತ್ತಿರಲಿಲ್ಲವೇ! ಬೆರಳು ಕೊಯ್ದುಕೊಂಡು ನಾನು ರಕ್ತ ಸುರಿಸುತ್ತಿದ್ದರೆ ಈ ಮನುಷ್ಯ ಕಣ್ಣು ಮುಚ್ಚಿಕೊಂಡು ನನ್ನಿಂದಲೇ ನೀರು ಕೇಳಿ ಕುಡಿದಿದ್ದರು. ಮನೆಯಲ್ಲಿ ಜಿರಳೆ ಹೊಡೆಯುವುದು ನನ್ನ ಇಲಾಖೆ. ಕೇಕಿಗೆ ಮೊಟ್ಟೆ ಹಾಕಿದ್ದಾರೋ ಇಲ್ಲವೋ ಎಂದು ಎರಡೆರಡು ಸಲ ವಿಚಾರಿಸಿ ತಿನ್ನುವ ಸಂಸಾರ ನಮ್ಮದು.

"ಬರಲ್ಲ ಅಂತ ಹೇಳ್ಬಿಡಿ" ಎಂದೆ.

"ಹೇಗೇ ಹೇಳ್ಲಿ? ನಮ್ಮ ತಾತನ ಮರ್ಯಾದೆ ಪ್ರಶ್ನೆ."

"ಜಿಂಕೆ ಪ್ರಾಣದ ಪ್ರಶ್ನೆ ಇಲ್ವಾ?"

"ಬೇಕಂತಲೇ ಗುರಿ ತಪ್ಪಿಸ್ತೀನಿ ಬಿಡು."

"ರೀ, ತಪ್ಪಿಸೋಕಾದ್ರೂ ಮೊದಲು ಗುರಿ ಅಂತ ಒಂದು ಇರ್ಬೇಕು!"

ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಆ ಕ್ಯಾಟಲಾಗು ಹಿಡಿದುಕೊಂಡು ಬಂದರು. ಬಾಸಿನ ತಮ್ಮ ಹೇಗೂ ಅತಿಥಿಗಳಿಗೆಂದು ಒಂದು ಹೊಸ ಬಂದೂಕು ಕೊಳ್ಳುವವನಿದ್ದನಂತೆ. ಬೇಟೆಗಾರರ ಮೊಮ್ಮಗ ಬರುತ್ತಿರುವಾಗ ಅವನೇ ಆರಿಸಲಿ ಎಂದು ಮೂರು ಚಿತ್ರಗಳಿಗೆ ಗುರುತು ಹಾಕಿ ಕಳಿಸಿದ್ದ. ದಿನವಿಡೀ ಬೆಟ್ಟ ಹತ್ತಿಳಿಯಬೇಕು, ಆದಷ್ಟು ಹಗುರವಾದದ್ದು ನೋಡು ಎಂದು ಬಾಸ್ ಬೇರೆ ಹೇಳಿದ್ದನಂತೆ.

ಮೂರೂ ಬೋಲ್ಟ್ ಆ್ಯಕ್ಷನ್. ಹಾಗೆಂದರೇನು ಎಂದು ಇವರು ನನಗೆ ಬಚ್ಚಲುಮನೆಯ ಬಾಗಿಲಲ್ಲಿ ಪಾಠ ಮಾಡಿದರು. ಚಿಲಕದ ಹಿಡಿ ಎತ್ತು, ಹಿಂದಕ್ಕೆ ಎಳೆ, ಹಳೆಯ ತೋಟಾದ ಕೊಳವೆ ಆಚೆ ಬೀಳುತ್ತದೆ. ಮುಂದಕ್ಕೆ ತಳ್ಳು, ಹೊಸ ತೋಟಾ ಒಳಗೆ ಹೋಗುತ್ತದೆ. ಹಿಡಿ ಇಳಿಸು, ಟ್ರಿಗರ್ ಒತ್ತು, ಢಂ. ಪ್ರತಿ ಗುಂಡಿಗೂ ಇಷ್ಟೆಲ್ಲ ಮಾಡಬೇಕು. ಆಮೇಲೆ ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಐವತ್ತು ಸಲ ಚಿಲಕ ಹಾಕಿ ತೆಗೆಯುವ ಅಭ್ಯಾಸ ಶುರುವಾಯಿತು. ಎಂಟು ವರ್ಷದ ಮಗಳು ಒಳಗಿನಿಂದ ಸಿಂಗಪುರದವರ ಹಾಗೆ ಮಾತಿನ ಕೊನೆಗೆ 'ಲಾ' ಸೇರಿಸಿ ಕೂಗುತ್ತಿದ್ದಳು: "ಅಮ್ಮಾ, ಅಪ್ಪ ಡೋರ್ ಸ್ಪಾಯ್ಲ್ ಮಾಡ್ತಿದಾರೆ ಲಾ! ನಂಗೆ ಸ್ಕೂಲ್ ಲೇಟ್!"

ಮೊದಲನೆಯ ಬಂದೂಕಿಗೆ ಮರದ ಹಿಡಿ, ಹೆಚ್ಚುಕಡಿಮೆ ನಾಲ್ಕು ಕೆಜಿ. ಎರಡನೆಯದು ಮೂರೂಕಾಲು. ಮೂರನೆಯದು ಕರಿ ಪ್ಲಾಸ್ಟಿಕ್ ಹಿಡಿಯದು, ಎರಡೂವರೆ ಕೆಜಿ. ಇವರ ಮನಸ್ಸು ಮರದ್ದರ ಮೇಲೆ.

"ತಾತನ ಕೈಯಲ್ಲಿರೋದು ಮರದ್ದೇ. ಪ್ಲಾಸ್ಟಿಕ್ ಹಿಡ್ಕೊಂಡು ಹೋದ್ರೆ ಅವರ ಆತ್ಮ ಏನಂದ್ಕೊಳ್ಳುತ್ತೆ?"

"ಆತ್ಮ ಬಂದು ಹೊತ್ಕೊಂಡು ಬೆಟ್ಟ ಹತ್ತುತ್ತಾ? ಬಸ್ ಸ್ಟಾಪಿಂದ ಐದು ಕೆಜಿ ಅಕ್ಕಿ ತರೋಷ್ಟರಲ್ಲಿ ಮೂರು ಸಲ ಕೂತ್ಕೋತೀರ!"

ಇಂಜಿನಿಯರ್ ಅಲ್ಲವೇ, ಪ್ರಯೋಗ ಮಾಡಿಯೇ ತೀರ್ಮಾನಿಸೋಣ ಎಂದರು. ನೆಲ ಒರೆಸುವ ಕೋಲು ತಂದರು. ಸೆರಂಗೂನ್ ರೋಡಿನ ಇಂಡಿಯನ್ ಅಂಗಡಿಗಳಿಂದ ತಿಂಗಳಿಗೊಮ್ಮೆ ನಾನು ತರುತ್ತಿದ್ದ ತೊಗರಿಬೇಳೆಯ ಅರ್ಧರ್ಧ ಕೆಜಿ ಪ್ಯಾಕೆಟ್ಟುಗಳನ್ನು ಆ ಕೋಲಿಗೆ ಟೇಪು ಸುತ್ತಿ ಕಟ್ಟಿದರು. ಕೋಲೂ ಸೇರಿ ಎಂಟು ಪ್ಯಾಕೆಟ್ಟಿನಷ್ಟು ಭಾರವಾದರೆ ಮರದ ಬಂದೂಕು, ಐದರಷ್ಟಾದರೆ ಪ್ಲಾಸ್ಟಿಕ್ಕಿನದು. ಗುರಿ ನೋಡುವ ದುರ್ಬೀನಿನ ಜಾಗದಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಬಾಟಲಿ. ಈ ಅಲಂಕಾರವನ್ನು ಹೆಗಲಿಗೇರಿಸಿಕೊಂಡು ವಾಯ್ಡ್ ಡೆಕ್ ಎಂದು ಕರೆಯುವ, ಕಟ್ಟಡದ ಕೆಳಗಿನ ಬಯಲು ಜಾಗದಿಂದ ಒಂಬತ್ತನೇ ಮಹಡಿಯವರೆಗೆ ಮೆಟ್ಟಿಲು ಹತ್ತತೊಡಗಿದರು. ನಾನು ಮುಖ ಮುಚ್ಚಿಕೊಂಡು ಲಿಫ್ಟಿನಲ್ಲಿ ಹೋಗುತ್ತಿದ್ದೆ.

ಪಕ್ಕದ ಮನೆಯ ಚೀನಿ ಆಂಟಿ ಎರಡು ದಿನ ನೋಡಿದರು. ಮೂರನೇ ದಿನ ತಡೆದು ಕೇಳಿದರು: "ಅಂಕಲ್, ದಿಸ್ ವಾಟ್ ಎಕ್ಸರ್‌ಸೈಜ್ ಲಾ?" ಇವರು ಗಾಬರಿಯಾಗಿ "ಇಂಡಿಯನ್. ವೆರಿ ಗುಡ್ ಫಾರ್ ಬ್ಯಾಕ್" ಎಂದರು. ಮಾರನೇ ದಿನ ಆಂಟಿಯೂ, ಅವರ ಇಬ್ಬರು ಗೆಳತಿಯರೂ ಬಟ್ಟೆ ಒಣಹಾಕುವ ಬಿದಿರು ಕೋಲು ಹೆಗಲಿಗಿಟ್ಟುಕೊಂಡು ಇವರ ಹಿಂದೆ ಮೆಟ್ಟಿಲು ಹತ್ತಿದರು. ಅವರು ಒಂಬತ್ತನೇ ಮಹಡಿ ಮುಟ್ಟಿ ನನ್ನ ಜೊತೆ ಹರಟೆ ಹೊಡೆಯುತ್ತಿದ್ದಾಗ ನಮ್ಮ ಬೇಟೆಗಾರರು ನಾಲ್ಕನೇ ಮಹಡಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದರು. ಮರದ ಬಂದೂಕಿನ ಆಸೆ ಅಲ್ಲಿಗೆ ಬಿಟ್ಟುಹೋಯಿತು. ಐದು ಪ್ಯಾಕೆಟ್ಟಿನ ತೂಕಕ್ಕೆ ಏಳನೇ ಮಹಡಿ ಮುಟ್ಟಿದರು. ಹಗುರವಾದದ್ದೇ ಗಟ್ಟಿಯಾಯಿತು.

ಅಷ್ಟರಲ್ಲಿ ದಸರೆಗೆಂದು ಅತ್ತೆಯವರು ಮೈಸೂರಿನಿಂದ ಬಂದರು. ಮೂವತ್ತೆಂಟು ಕೆಜಿ ತೂಕದ ಹೆಂಗಸು. ಮನೆಯಲ್ಲಿ ನಡೆಯುವುದೆಲ್ಲ ಅವರು ಹೇಳಿದಂತೆಯೇ. ಕೋಲನ್ನು ನೋಡಿ "ಏನೋ ಇದು?" ಎಂದರು. "ರೈಫಲ್ ಅಮ್ಮ, ಆಫೀಸಿನೋರ ಜೊತೆ ಡಿಸೆಂಬರಲ್ಲಿ ಬೇಕು" ಎಂದರು ಇವರು. ಇಂಜಿನಿಯರ್ ಮಗ ಹೇಳಿದ ಮೇಲೆ ಮುಗಿಯಿತು, ಮತ್ತೆ ಕೇಳಲಿಲ್ಲ. ತಾತನ ಹೆಸರು ಹೇಳಿಕೊಂಡು ಇಷ್ಟೆಲ್ಲ ನಡೆಯುತ್ತಿದೆ ಎಂಬುದನ್ನು ಅವರ ಕಿವಿಗೆ ಯಾರೂ ಹಾಕಲಿಲ್ಲ.

ಆ ವರ್ಷ ಆಯುಧಪೂಜೆ ಭಾನುವಾರ ಬಿತ್ತು. ಬಾಸನ್ನು ಮಧ್ಯಾಹ್ನದ ಊಟಕ್ಕೆ ಕರೆದಿದ್ದೆವು. ಬೆಳಿಗ್ಗೆ ಸ್ನಾನ ಮಾಡಿ ಸಾರಿಗೆ ಬೇಳೆ ಬೇಯಿಸೋಣವೆಂದು ಡಬ್ಬ ತೆಗೆದರೆ ಖಾಲಿ. ತಿಂಗಳ ಕೊನೆ, ಉಳಿದ ಬೇಳೆಯೆಲ್ಲ ಕೋಲಿನ ಮೇಲೆ. ಬಿಚ್ಚಿಕೊಳ್ಳೋಣವೆಂದು ಹಾಲಿಗೆ ಬಂದವಳು ಅಲ್ಲೇ ನಿಂತುಬಿಟ್ಟೆ.

ಅತ್ತೆಯವರು ನಸುಕಿನಲ್ಲೇ ಪೂಜೆ ಮುಗಿಸಿದ್ದರು. ಗೊಂಬೆಗಳ ಮುಂದೆ ಮಣೆ ಹಾಕಿ ಮಗಳ ಪೆನ್ಸಿಲ್ ಡಬ್ಬಿ, ಇವರ ಕ್ಯಾಲ್ಕುಲೇಟರ್, ನನ್ನ ಮಿಕ್ಸಿ, ಮನೆಯಲ್ಲಿದ್ದ ಎರಡೂ ಚಾಕು, ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು. ನಟ್ಟನಡುವೆ ಕೋಲು. ಒಂದೊಂದು ಬೇಳೆ ಪ್ಯಾಕೆಟ್ಟಿಗೂ ಅರಿಶಿನ ಕುಂಕುಮ, ಉಪ್ಪಿನಕಾಯಿ ಬಾಟಲಿಗೆ ಚೆಂಡುಹೂವು.

"ಮುಟ್ಟಬೇಡ್ವೇ!" ಎಂದರು ಅತ್ತೆ. "ನಾಳೆ ಮರುಪೂಜೆ ಆಗೋವರೆಗೂ ಕದಲಿಸಬಾರದು."

"ಅತ್ತೆ, ಅದು ಬೇಳೆ! ಸಾರಿಗೆ ಬೇಕು!"

"ಪೂಜೆಗೆ ಮುಂಚೆ ಬೇಳೆ. ಈಗ ಆಯುಧ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬೇಳೆಯಿಲ್ಲ, ಮಿಕ್ಸಿಯಿಲ್ಲ, ಚಾಕುವಿಲ್ಲ, ಉಪ್ಪಿನಕಾಯಿಯೂ ಇಲ್ಲ. ಹುರುಳಿಕಾಯನ್ನು ಕೈಯಲ್ಲೇ ಮುರಿದು ಪಲ್ಯ ಮಾಡಿದೆ. ಅತ್ತೆ ಊರಿನಿಂದ ತಂದಿದ್ದ ಪುಳಿಯೋಗರೆ ಗೊಜ್ಜು ಇತ್ತು, ಬದುಕಿಕೊಂಡೆ. ಒಲೆಯ ಮುಂದೆ ನಿಂತು ಆ ನ್ಯೂಜಿಲೆಂಡನ್ನೂ ಅಲ್ಲಿನ ಜಿಂಕೆಗಳನ್ನೂ ಬಾಯಿಗೆ ಬಂದಂತೆ ಬೈದೆ.

ಬಾಸ್ ತಲೆ ಬಗ್ಗಿಸಿ ಒಳಗೆ ಬಂದ. ಮೊದಲು ಕಣ್ಣಿಗೆ ಬಿದ್ದದ್ದೇ ಕೋಲು. ಇವರು ತೂಕದ ಲೆಕ್ಕವನ್ನೆಲ್ಲ ವಿವರಿಸಿದಾಗ ಅವನಿಗೆ ಬಹಳ ಸಂತೋಷವಾಗಿ ಎತ್ತಿ ನೋಡಲು ಕೈ ಚಾಚಿದ. "ನೋ!" ಎಂದು ಅತ್ತೆ ಗದರಿದರು. ಅವರಿಗೆ ಗೊತ್ತಿದ್ದ ಇಂಗ್ಲಿಷ್ ಅದೊಂದೇ, ಅವನು ಶಾಲೆಯ ಹುಡುಗನಂತೆ ಕೈ ಹಿಂದೆ ಕಟ್ಟಿಕೊಂಡ.

ಊಟಕ್ಕೆ ಕೂತಾಗ ಬಾಸ್ ಹೇಳಿದ: ಹಗುರವಾದದ್ದನ್ನು ಆರಿಸಿದ್ದೀಯ, ಹೊರಲು ಸುಖ. ಆದರೆ ಬಂದೂಕು ಹಗುರವಾದಷ್ಟೂ ಗುಂಡು ಹಾರಿದಾಗ ಭುಜಕ್ಕೆ ಒದೆಯುವುದು ಜಾಸ್ತಿ, ಒಂದು ವಾರ ನೀಲಿಗಟ್ಟುತ್ತದೆ. ನಾನು ಮೂವತ್ತೆಂಟು ಕೆಜಿಯ ಅತ್ತೆಯವರ ಕಡೆ ನೋಡಿದೆ. ನನಗೇನೂ ಆಶ್ಚರ್ಯವಾಗಲಿಲ್ಲ. ಇವರ ಮುಖ ಮಾತ್ರ ಹುರುಳಿಕಾಯಿ ಬಣ್ಣಕ್ಕೆ ತಿರುಗಿತು. "ನಿನಗೇನು, ಬೇಟೆಗಾರರ ವಂಶ" ಎಂದು ಬೆನ್ನು ತಟ್ಟಿದ ಬಾಸ್, ಅತ್ತೆಯವರ ಕಡೆ ತಿರುಗಿ, ನಿಮ್ಮ ಮಾವನವರ ಬೇಟೆಯ ಕಥೆ ಒಂದು ಹೇಳಿ ಎಂದ. ನಾನು ಕನ್ನಡದಲ್ಲಿ ಕೇಳಿದೆ.

"ಬೇಟೆನಾ?" ಅತ್ತೆ ಬಾಯಿ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಶಿವನೇ, ನಮ್ಮ ಮಾವನೋರು ಡ್ರಾಯಿಂಗ್ ಮೇಷ್ಟ್ರು! ಹಲ್ಲಿ ಕಂಡ್ರೆ ಮಂಚ ಹತ್ತೋರು. ಆ ಫೋಟೋ ನೋಡಿ ಹೇಳ್ತಿದೀರಾ? ಅದು ಸ್ಟುಡಿಯೋದಲ್ಲಿ ತೆಗೆಸಿದ್ದಲ್ವೇ! ಮರದಲ್ಲಿ ಕೆತ್ತಿದ ಬಂದೂಕು, ಹುಲ್ಲು ತುಂಬಿದ ಜಿಂಕೆ. ಪಕ್ಕದಲ್ಲಿ ರಟ್ಟಿನ ಮೋಟಾರು ಕಾರೂ ಇತ್ತಂತೆ. ಕಾರಿಗೆ ಜನ ಸಾಲು ನಿಂತಿದ್ರಂತೆ, ಮಾವನೋರಿಗೆ ಸ್ಕೂಲಿಗೆ ಹೊತ್ತಾಯ್ತು ಅಂತ ಬಂದೂಕೇ ಹಿಡ್ಕೊಂಡ್ರಂತೆ."

ಇವರ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಆ ಫೋಟೋದ ಕೆಳಗೆ ಬೆಳೆದು, ನಲವತ್ತು ವರ್ಷ ಅದನ್ನು ನಂಬಿದ್ದ ಮನುಷ್ಯ. ಏನಂತಾರೆ, ಏನಂತಾರೆ ಎಂದು ಬಾಸ್ ನನ್ನ ಮುಖ ನೋಡುತ್ತಿದ್ದ. ಒಂದು ತಿಂಗಳಿನಿಂದ ನಾನು ಕಾಯುತ್ತಿದ್ದ ಗಳಿಗೆ ಅದು. ಇದ್ದದ್ದನ್ನು ಇದ್ದಂತೆ ಹೇಳಿದ್ದರೆ ಬೇಟೆಯೂ ನಿಲ್ಲುತ್ತಿತ್ತು, ಜಿಂಕೆಯೂ ಉಳಿಯುತ್ತಿತ್ತು, ನನ್ನ ಬೇಳೆಯೂ ಉಳಿಯುತ್ತಿತ್ತು. ಆದರೆ ಇವರ ಮುಖ ನೋಡಿ ಮನಸ್ಸು ಬರಲಿಲ್ಲ. "ಅವರು ಮೈಸೂರಿಗೇ ದೊಡ್ಡ ಬೇಟೆಗಾರರಂತೆ" ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

"ಇಷ್ಟುದ್ದ ಹೇಳಿದ್ನಲ್ಲೇ, ಇಂಗ್ಲಿಷಲ್ಲಿ ಇಷ್ಟೇನಾ?" ಎಂದರು ಅತ್ತೆ.

ಇವರು ತುತ್ತನ್ನು ತಟ್ಟೆಗಿಟ್ಟರು. "ಇಲ್ಲ" ಎಂದು ಬಾಸಿಗೆ ಹೇಳಿದರು. "ನನ್ನ ಹೆಂಡತಿ ನನಗೋಸ್ಕರ ಸುಳ್ಳು ಹೇಳಿದಳು. ತಾತ ಡ್ರಾಯಿಂಗ್ ಮೇಷ್ಟ್ರು. ಬಂದೂಕು ಮರದ್ದು, ಜಿಂಕೆ ಹುಲ್ಲಿನದು. ಈ ನಿಮಿಷದವರೆಗೂ ನನಗೇ ಗೊತ್ತಿರಲಿಲ್ಲ." ಮದುವೆಯಾಗಿ ಹತ್ತು ವರ್ಷದಲ್ಲಿ ಇವರ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು, ಸುಳ್ಳೇಕೆ ಹೇಳಲಿ.

"ಸೋ ತಾತ ನೆವರ್ ಶೂಟ್ ಎನಿಥಿಂಗ್ ಲಾ?" ಎಂದಳು ಮಗಳು. ಬಾಸ್ ನಗಲು ಶುರುಮಾಡಿದವನು ಕಣ್ಣೀರು ಒರೆಸಿಕೊಳ್ಳುವವರೆಗೂ ನಕ್ಕ. ಆಮೇಲೆ ಹೇಳಿದ: ಆದರೂ ಬಾ, ಬುತ್ತಿ ಹೊರಲು ನಮಗೆ ಯಾವಾಗಲೂ ಒಬ್ಬರು ಬೇಕು. ಹೇಗೂ ನೀನು ಗುಂಡು ಹಾರಿಸುವುದಿಲ್ಲವಲ್ಲ, ಈಗ ಹೇಳು, ಮೂರರಲ್ಲಿ ಯಾವುದು ತರಿಸಲಿ?

"ಮರದ್ದು" ಎಂದರು ಇವರು, ಒಂದು ಕ್ಷಣವೂ ಯೋಚಿಸದೆ.

ಹೋದರು. ಬಾಸಿನ ತಮ್ಮ ಬಂದೂಕಿನ ಚಿಲಕವನ್ನೇ ಬಿಚ್ಚಿ ತನ್ನ ಜೇಬಿನಲ್ಲಿಟ್ಟುಕೊಂಡು ಉಳಿದದ್ದನ್ನು ಇವರ ಕೈಗೆ ಕೊಟ್ಟನಂತೆ. ಬಚ್ಚಲುಮನೆಯ ಬಾಗಿಲಲ್ಲಿ ಕಲಿತದ್ದೆಲ್ಲ ದಂಡವಾಯಿತು. ನಾಲ್ಕು ಕೆಜಿಯನ್ನು ಐದು ದಿನ ಹೊತ್ತು ತಿರುಗಿ, ಹೆಗಲಿಗೆ ಅಮೃತಾಂಜನ ಹಚ್ಚಿಕೊಳ್ಳುತ್ತ ವಾಪಸು ಬಂದರು. ಒಂದು ಫೋಟೋ ತಂದರು. ಹಿಂದೆ ಬೆಟ್ಟ, ಹೆಗಲ ಮೇಲೆ ಮರದ ಬಂದೂಕು, ಕಾಲ ಬಳಿ ಬಾಸಿನ ತಮ್ಮನ ನಿದ್ದೆಹೋದ ನಾಯಿ. ನಾನು ಕಟ್ಟು ಹಾಕಿಸಿದೆ.

ಈಗ ಅದು ನಮ್ಮ ಹಾಲಿನಲ್ಲಿದೆ. ಮೊನ್ನೆ ಮಗಳ ಮಗಳು ಊಟ ಮಾಡುತ್ತ ತಲೆಯೆತ್ತಿ, "ಅಜ್ಜಿ, ತಾತ ಹಂಟರ್ ಆಗಿದ್ರಾ?" ಎಂದಳು. ಇವರು ಪೇಪರ್ ಕೆಳಗಿಳಿಸಿ ನನ್ನನ್ನೇ ನೋಡಿದರು.

"ಹೌದು ಕಣೇ, ದೊಡ್ಡ ಬೇಟೆಗಾರರು" ಎಂದೆ.

ಈ ಸಲ ಇವರು ಇಲ್ಲ ಎನ್ನಲಿಲ್ಲ.